ಮಧುಮೇಹದ ಮಾತ್ರೆ, ಕ್ಯಾನ್ಸರಿನ ಮದ್ದು ಮತ್ತು ಹೃದಯ

(ಬಾನುಲಿ ಭಾಷಣದ ಬರೆಹ ರೂಪ)

ಮಧುಮೇಹ ಎಂಬ ಹೆಸರು ಬಹು ಹಳೆಯದು. ‘ಮೇಹ’ ಎಂದರೆ ಮೂತ್ರ. ಅದು ಜೇನಿನಂತೆ ಸಿಹಿಯಾದರೆ ಮಧುಮೇಹ. ಚರಕ, ಸುಶ್ರುತರ ಸಂಹಿತೆಗಳಲ್ಲಿ ಈ ರೋಗದ ವರ್ಣನೆಯುಂಟು. ಪಶ್ಚಿಮದವರು ಇದನ್ನು ‘ಡಯಾಬಿಟಿಸ್ ಮೆಲಿಟಸ್’ ಎಂದು ಕರೆದರು. ಅಲ್ಲಿಯೂ ಅದೇ ಜೇನು ಅಡಗಿದೆ; ‘ಮೆಲಿಟಸ್’ ಎಂದರೆ ಜೇನಿನ ಸವಿಯುಳ್ಳದ್ದು. ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡರೆ ಕೇಡು ಎಂದು ಎರಡು ಸಾವಿರ ವರ್ಷ ನಂಬಿಕೊಂಡು ಬಂದ ವೈದ್ಯಶಾಸ್ತ್ರ, ಇಂದು ಬೇಕೆಂದೇ ಮೂತ್ರದಲ್ಲಿ ಸಕ್ಕರೆಯನ್ನು ಹರಿಯಗೊಡುವ ಮಾತ್ರೆಯೊಂದನ್ನು ಮಧುಮೇಹಕ್ಕೇ ಕೊಡುತ್ತಿದೆ. ಅಷ್ಟೇ ಅಲ್ಲ, ಆ ಮಾತ್ರೆ ಹೃದಯವನ್ನೂ ಕಾಯುತ್ತದೆ ಎಂದು ಗೊತ್ತಾಗಿದೆ. ಈಗ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ಕ್ಯಾನ್ಸರಿಗೆ ಹೊಸ ಬಗೆಯ ಚಿಕಿತ್ಸೆ ಪಡೆಯುತ್ತಿರುವವರ ಹೃದಯವನ್ನು ಆ ಚಿಕಿತ್ಸೆಯ ಹಾನಿಯಿಂದಲೂ ಇದು ಕಾಪಾಡೀತೆ ಎಂದು ವಿಜ್ಞಾನಿಗಳು ಕೇಳುತ್ತಿದ್ದಾರೆ. ಈ ಹೊತ್ತು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಈ ಪ್ರಶ್ನೆಯನ್ನು ಕುರಿತು.

ನಾನು ವೈದ್ಯನಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಅರವತ್ತು ದಾಟಿದ ಮೇಲೆ ನಮ್ಮಂಥವರ ಗೋಷ್ಠಿಗಳಲ್ಲಿ ಕಾವ್ಯಮೀಮಾಂಸೆಗಿಂತ ಔಷಧಮೀಮಾಂಸೆಯೇ ಹೆಚ್ಚು. ನಾನೂ ಮಧುಮೇಹಿ. ಗೆಳೆಯರಲ್ಲಿ ಕೆಲವರಿಗೆ ಮಧುಮೇಹದ ಜೊತೆಗೆ ಹೃದಯದ ತೊಂದರೆ. ಒಬ್ಬಿಬ್ಬರಿಗೆ ಇವೆರಡರ ಮೇಲೆ ಕ್ಯಾನ್ಸರ್. ಒಂದೇ ದೇಹದಲ್ಲಿ ಮೂರು ರೋಗಗಳು ಸೇರಿದಾಗ ಒಂದರ ಮದ್ದು ಮತ್ತೊಂದಕ್ಕೆ ಏನು ಮಾಡುತ್ತದೆ ಎಂಬುದು ಓದಿನ ಕುತೂಹಲವಾಗಿ ಉಳಿಯುವುದಿಲ್ಲ. ಆದುದರಿಂದಲೇ ಈ ವಿಷಯವನ್ನು ಬಲ್ಲವರಿಂದ ಕೇಳಿಯೂ ಓದಿಯೂ ತಿಳಿಯಲೆತ್ನಿಸಿದೆ.

ಮೊದಲು ಕ್ಯಾನ್ಸರಿನ ಆ ಹೊಸ ಚಿಕಿತ್ಸೆ ಏನೆಂಬುದನ್ನು ನೋಡೋಣ. ಕ್ಯಾನ್ಸರಿಗೆ ಕನ್ನಡದಲ್ಲಿ ‘ಏಡಿಗಂತಿ’ ಎಂಬ ಮಾತುಂಟು. ಸುತ್ತಲೂ ಕಾಲು ಚಾಚಿ ಕಚ್ಚಿ ಹಿಡಿಯುವ ಗಂಟು ಎಂಬ ಅರ್ಥವನ್ನು ಆ ಮಾತು ಚೆನ್ನಾಗಿ ಹೇಳುತ್ತದೆ. ಈ ಏಡಿಯನ್ನು ಬಿಡಿಸಲು ಬಹುಕಾಲ ಮೂರೇ ಉಪಾಯಗಳಿದ್ದವು. ಶಸ್ತ್ರದಿಂದ ಕತ್ತರಿಸುವುದು, ಕಿರಣಗಳಿಂದ ಸುಡುವುದು, ರಾಸಾಯನಿಕ ಮದ್ದಿನಿಂದ ಕೊಲ್ಲುವುದು. ಇಮ್ಯುನೋಥೆರಪಿ ಎಂಬ ನಾಲ್ಕನೆಯ ಉಪಾಯದ ದಾರಿಯೇ ಬೇರೆ. ಅದು ಗಂತಿಯ ಮೇಲೆ ನೇರವಾಗಿ ಕೈಮಾಡುವುದಿಲ್ಲ. ರೋಗಿಯ ಮೈಯಲ್ಲೇ ಇರುವ ಕಾವಲು ಪಡೆಯನ್ನು ಎಬ್ಬಿಸಿ ಕಳುಹಿಸುತ್ತದೆ.

ಆ ಕಾವಲು ಪಡೆಯ ಮುಖ್ಯ ಯೋಧರಿಗೆ ‘ಟಿ ಕಣ’ಗಳೆಂದು ಹೆಸರು. ಎದೆಯ ಮೂಳೆಯ ಹಿಂದೆ ಥೈಮಸ್ ಎಂಬ ಒಂದು ಗ್ರಂಥಿಯುಂಟು. ಟಿ ಕಣಗಳಿಗೆ ಅದೇ ಗುರುಕುಲ. ಯಾವುದು ನಮ್ಮದು, ಯಾವುದು ಪರಕೀಯ ಎಂಬ ಪಾಠ ಅಲ್ಲಿ ನಡೆಯುತ್ತದೆ. ನಮ್ಮ ಮೈಯ ಅಂಶಗಳನ್ನೇ ಹಗೆಯೆಂದು ಕಾಣುವ ಕಣಗಳನ್ನು ಅಲ್ಲಿಯೇ ಅಳಿಸಿಹಾಕಲಾಗುತ್ತದೆ. ಆದರೂ ಗುರುಕುಲದ ಕಣ್ಣು ತಪ್ಪಿಸಿ ಕೆಲವು ಹೊರಗೆ ಬಂದೇ ಬರುತ್ತವೆ. ಆದುದರಿಂದ ಪ್ರಕೃತಿ ಪ್ರತಿಯೊಂದು ಟಿ ಕಣಕ್ಕೂ ಕಡಿವಾಣ ಹಾಕಿದೆ. ‘ಸಿಟಿಎಲ್‌ಎ-೪’ ಮತ್ತು ‘ಪಿಡಿ-೧’ ಎಂಬುವು ಅಂಥ ಎರಡು ಕಡಿವಾಣಗಳು. ಹೋರಾಟ ಮಿತಿ ಮೀರಿದಾಗ ಇವುಗಳನ್ನು ಜಗ್ಗಿ ಕಣವನ್ನು ನಿಲ್ಲಿಸಲಾಗುತ್ತದೆ. ಕ್ಯಾನ್ಸರಿನ ಗಂತಿ ಈ ಗುಟ್ಟನ್ನು ಕಂಡುಕೊಂಡಿದೆ. ತನ್ನನ್ನು ಕೊಲ್ಲಲು ಬಂದ ಕಣದ ಕಡಿವಾಣವನ್ನು ತಾನೇ ಹಿಡಿದು ಜಗ್ಗುತ್ತದೆ. ಯೋಧ ಬಾಗಿಲಲ್ಲಿಯೇ ಮಂಕಾಗಿ ನಿಂತುಬಿಡುತ್ತಾನೆ.

ಹಾಗಾದರೆ ಆ ಕಡಿವಾಣವನ್ನು ಸಡಿಲಿಸಿದರೆ ಹೇಗೆ? ಅಮೆರಿಕದ ಜೇಮ್ಸ್ ಆಲಿಸನ್ ಅವರು ಸಿಟಿಎಲ್‌ಎ-೪ನ್ನು ತಡೆದಾಗ ಇಲಿಗಳ ಗಂತಿಗಳು ಕರಗಿದುದನ್ನು ೧೯೯೦ರ ದಶಕದ ನಡುವಿನಲ್ಲಿ ತೋರಿಸಿದರು. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ತಾಸುಕು ಹೊಂಜೊ ಅವರ ತಂಡ ಪಿಡಿ-೧ನ್ನು ೧೯೯೨ರಲ್ಲಿ ಕಂಡುಹಿಡಿದಿತ್ತು. ಈ ಇಬ್ಬರಿಗೂ ೨೦೧೮ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಮೊದಲ ಮದ್ದು ಇಪಿಲಿಮುಮ್ಯಾಬ್ ೨೦೧೧ರಲ್ಲಿಯೂ, ಪೆಂಬ್ರೊಲಿಜುಮ್ಯಾಬ್ ಮತ್ತು ನಿವೊಲುಮ್ಯಾಬ್ ೨೦೧೪ರಲ್ಲಿಯೂ ಅಮೆರಿಕದಲ್ಲಿ ಬಳಕೆಗೆ ಬಂದವು. ಅಲ್ಲಿನ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಚರ್ಮದ ಕ್ಯಾನ್ಸರ್ ಯಕೃತ್ತಿಗೂ ಮೆದುಳಿಗೂ ಹಬ್ಬಿದೆಯೆಂದು ೨೦೧೫ರ ಆಗಸ್ಟಿನಲ್ಲಿ ಪ್ರಕಟವಾಯಿತು. ಆಗ ಅವರಿಗೆ ತೊಂಬತ್ತು ವರ್ಷ. ಶಸ್ತ್ರಚಿಕಿತ್ಸೆ ಮತ್ತು ವಿಕಿರಣದ ಜೊತೆಗೆ ಅವರಿಗೆ ಪೆಂಬ್ರೊಲಿಜುಮ್ಯಾಬ್ ಕೊಟ್ಟರು. ಅದೇ ಡಿಸೆಂಬರಿನಲ್ಲಿ ಮೆದುಳಿನಲ್ಲಿ ಕ್ಯಾನ್ಸರಿನ ಕುರುಹು ಇಲ್ಲವೆಂದು ಅವರೇ ತಿಳಿಸಿದರು. ಅನಂತರ ಒಂಬತ್ತು ವರ್ಷ ಬದುಕಿದ್ದು, ೨೦೨೪ರ ಡಿಸೆಂಬರಿನಲ್ಲಿ, ನೂರು ತುಂಬಿದ ಮೇಲೆ ಅವರು ತೀರಿಕೊಂಡರು. ಎಲ್ಲರಿಗೂ ಇಂಥ ಭಾಗ್ಯವಿಲ್ಲ. ಆದರೂ ಹಿಂದೆ ಕೈಚೆಲ್ಲಬೇಕಾಗಿದ್ದ ಎಷ್ಟೋ ಸಂದರ್ಭಗಳಲ್ಲಿ ಈಗ ಆಸೆಗೆ ಎಡೆಯುಂಟು.

ಕಡಿವಾಣ ಕಳಚಿದ ಕುದುರೆ ಹಗೆಯ ಪಾಳೆಯಕ್ಕೆ ಮಾತ್ರ ನುಗ್ಗುತ್ತದೆ ಎಂಬ ಭರವಸೆ ಎಲ್ಲಿದೆ? ಅದು ಸ್ವಂತ ಗದ್ದೆಯನ್ನೂ ತುಳಿಯಬಹುದು. ಇಮ್ಯುನೋಥೆರಪಿ ಪಡೆದವರಲ್ಲಿ ಚರ್ಮ, ಕರುಳು, ಶ್ವಾಸಕೋಶ, ಥೈರಾಯ್ಡ್ ಇವು ಉರಿಗೊಳ್ಳುವುದುಂಟು. ಇವುಗಳಲ್ಲಿ ಬಹುಪಾಲನ್ನು ವೈದ್ಯರು ಹತೋಟಿಗೆ ತರಬಲ್ಲರು. ಎಲ್ಲಕ್ಕಿಂತ ಭಯಂಕರವಾದುದು ಹೃದಯದ ಸ್ನಾಯುವೇ ಉರಿಗೊಳ್ಳುವ ಸ್ಥಿತಿ. ಅದಕ್ಕೆ ‘ಮಯೋಕಾರ್ಡೈಟಿಸ್’ ಎಂದು ಹೆಸರು. ನಾವು ಹೃತ್ಸ್ನಾಯುವಿನ ಉರಿಯೂತ ಎನ್ನೋಣ.

ಇದರ ಮುನ್ಸೂಚನೆ ಮದ್ದು ಬರುವುದಕ್ಕೆ ಮೊದಲೇ ಇತ್ತು. ಪಿಡಿ-೧ ಇಲ್ಲದಂತೆ ಹುಟ್ಟಿಸಿದ ಒಂದು ತಳಿಯ ಇಲಿಗಳು ಹೃದಯ ಹಿಗ್ಗಿ ಸಾಯುತ್ತವೆ ಎಂದು ಕ್ಯೋಟೋದ ಅದೇ ತಂಡ ೨೦೦೧ರಲ್ಲಿ ತಿಳಿಸಿತ್ತು. ೨೦೧೬ರಲ್ಲಿ ಅಮೆರಿಕದ ವೈದ್ಯರು ಎರಡು ಸಾವುಗಳನ್ನು ವರದಿ ಮಾಡಿದರು. ಇಬ್ಬರಿಗೂ ಚರ್ಮದ ಕ್ಯಾನ್ಸರ್. ಎರಡು ಕಡಿವಾಣಗಳನ್ನೂ ಒಟ್ಟಿಗೆ ಸಡಿಲಿಸುವ ಜೋಡಿ ಮದ್ದನ್ನು ಇಬ್ಬರಿಗೂ ಕೊಡಲಾಗಿತ್ತು. ಕೆಲವೇ ದಿನಗಳಲ್ಲಿ ಹೃದಯ ಕುಸಿಯಿತು. ಪರೀಕ್ಷಿಸಿ ನೋಡಿದಾಗ ಹೃದಯದ ಸ್ನಾಯುವಿನ ತುಂಬ ಟಿ ಕಣಗಳು ಮುತ್ತಿದ್ದವು. ಆಗ ಸುಮಾರು ಇಪ್ಪತ್ತು ಸಾವಿರ ರೋಗಿಗಳ ದಾಖಲೆಗಳನ್ನು ತೆಗೆದು ನೋಡಿದರು. ಒಂದೇ ಮದ್ದು ಪಡೆದವರಲ್ಲಿ ಹತ್ತು ಸಾವಿರಕ್ಕೆ ೬ ಮಂದಿಗೆ, ಜೋಡಿ ಮದ್ದು ಪಡೆದವರಲ್ಲಿ ಹತ್ತು ಸಾವಿರಕ್ಕೆ ೨೭ ಮಂದಿಗೆ ಹೃದಯದ ತೀವ್ರ ಉರಿಯೂತ ಕಂಡುಬಂದಿತ್ತು. ಅನಂತರ ಹೃದಯವನ್ನೇ ಗಮನವಿಟ್ಟು ಹುಡುಕಿದಾಗ ಈ ಲೆಕ್ಕ ಏರಿತು. ೨೦೧೮ರ ಒಂದು ಅಧ್ಯಯನದಲ್ಲಿ ಅದು ನೂರಕ್ಕೆ ೧ರ ಆಸುಪಾಸಿಗೆ ಬಂದಿತು.

ನೂರಕ್ಕೆ ಒಬ್ಬರು ತಾನೆ ಎಂದು ಹಗುರವಾಗಿ ಕಾಣುವಂತಿಲ್ಲ. ಹೀಗೆ ವರದಿಯಾದ ಉರಿಯೂತಕ್ಕೆ ತುತ್ತಾದವರಲ್ಲಿ ನೂರಕ್ಕೆ ನಲವತ್ತರಿಂದ ಐವತ್ತು ಮಂದಿ ಉಳಿಯಲಿಲ್ಲವೆಂದು ಆ ವರ್ಷಗಳ ಜಾಗತಿಕ ದಾಖಲೆಗಳು ಹೇಳುತ್ತವೆ. ಬೇಗ ಗುರುತಿಸಿ, ಕ್ಯಾನ್ಸರಿನ ಮದ್ದನ್ನು ನಿಲ್ಲಿಸಿ, ಹೆಚ್ಚಿನ ಪ್ರಮಾಣದಲ್ಲಿ ಸ್ಟಿರಾಯ್ಡ್ ಕೊಟ್ಟರೆ ಉಳಿಯುವ ಅವಕಾಶ ಹೆಚ್ಚು. ಬಹುಪಾಲು ಪ್ರಕರಣಗಳು ಚಿಕಿತ್ಸೆಯ ಮೊದಲ ಮೂರು ತಿಂಗಳಲ್ಲಿಯೇ ಕಾಣಿಸಿಕೊಳ್ಳುತ್ತವೆ. ೨೦೧೮ರ ಅಧ್ಯಯನದಲ್ಲಿ ನಡುಮಟ್ಟದ ಅವಧಿ ೩೪ ದಿನ. ಆದುದರಿಂದ ಆ ದಿನಗಳಲ್ಲಿ ಬರುವ ಎದೆನೋವು, ಏದುಸಿರು, ಎದೆಬಡಿತದ ಏರುಪೇರು, ತಲೆಸುತ್ತು, ಹಠಾತ್ತನೆ ರೆಪ್ಪೆ ಜೋಲುವುದು, ಮೈಕೈ ಸ್ನಾಯುಗಳ ಅತಿಯಾದ ನೋವು ಇವನ್ನು ‘ಕ್ಯಾನ್ಸರಿನ ನಿಶ್ಶಕ್ತಿ’ ಎಂದು ಮನೆಯವರು ತಳ್ಳಿಹಾಕಬಾರದು. ಚಿಕಿತ್ಸೆಗೆ ಮೊದಲೇ ಇಸಿಜಿಯನ್ನೂ, ಹೃದಯದ ಗಾಯವನ್ನು ಸೂಚಿಸುವ ಟ್ರೊಪೋನಿನ್ ಎಂಬ ರಕ್ತಪರೀಕ್ಷೆಯನ್ನೂ ಮಾಡಿಸಿಟ್ಟುಕೊಳ್ಳಬೇಕೆಂದು ಯೂರೋಪಿನ ಹೃದ್ರೋಗ ತಜ್ಞರ ಸಂಘ ೨೦೨೨ರಲ್ಲಿ ಸಲಹೆ ಮಾಡಿದೆ. ಮುಂದೆ ಏರುಪೇರಾದಾಗ ಹೋಲಿಸಿ ನೋಡಲು ಅದು ಬೇಕು.

ಹೃದಯದ ಮೇಲೇ ಟಿ ಕಣಗಳಿಗೆ ಏಕಿಂಥ ಹಗೆ? ೨೦೨೨ರಲ್ಲಿ ಇದಕ್ಕೆ ಒಂದು ಉತ್ತರ ಬಂದಿತು. ಹೃದಯದ ಸ್ನಾಯುವಿನಲ್ಲಿ ಆಲ್ಫಾ ಮಯೋಸಿನ್ ಎಂಬ ಪ್ರೋಟೀನ್ ಉಂಟು. ಥೈಮಸ್ಸಿನ ಗುರುಕುಲದಲ್ಲಿ ಈ ಪ್ರೋಟೀನಿನ ಪರಿಚಯವೇ ಆಗುವುದಿಲ್ಲ. ಪಾಠದಲ್ಲಿಲ್ಲದ ಈ ಬಂಧುವನ್ನು ಕೆಲವು ಟಿ ಕಣಗಳು ಪರಕೀಯನೆಂದು ತಿಳಿದೇ ಹೊರಬರುತ್ತವೆ. ಸಾಮಾನ್ಯವಾಗಿ ಅವುಗಳನ್ನು ಕಡಿವಾಣ ತಡೆದಿಟ್ಟಿರುತ್ತದೆ. ಕಡಿವಾಣ ಸಡಿಲಿದಾಗ ಅವು ಹೃದಯದ ಮೇಲೆ ಎರಗುತ್ತವೆ. ಇದಲ್ಲದೆ ಇನ್ನೂ ಒಂದು ನಿಧಾನದ ಹಾನಿಯುಂಟು. ರಕ್ತನಾಳಗಳ ಗೋಡೆಯಲ್ಲಿ ಕಟ್ಟಿರುವ ಕೊಬ್ಬಿನ ಗಡ್ಡೆಗಳೂ ಈ ಉರಿಗೆ ಸಿಲುಕುತ್ತವೆ. ಇಮ್ಯುನೋಥೆರಪಿಯ ಅನಂತರ ಹೃದಯಾಘಾತ, ಪಾರ್ಶ್ವವಾಯು ಮುಂತಾದವುಗಳ ಸಂಭವ ಸುಮಾರು ಮೂರು ಪಟ್ಟು ಹೆಚ್ಚಿದುದನ್ನು ೨೦೨೦ರಲ್ಲಿ ಬಾಸ್ಟನ್ನಿನ ಸಂಶೋಧಕರು ಪ್ರಕಟಿಸಿದರು. ಮೊದಲೇ ಮಧುಮೇಹದಿಂದ ನಾಳಗಳು ಹದಗೆಟ್ಟಿರುವವನಿಗೆ ಇದರ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮಾತ್ರೆಯ ಕಥೆಗೆ ಬರೋಣ. ೧೮೩೫ರಲ್ಲಿ ಯೂರೋಪಿನ ರಸಾಯನಜ್ಞರು ಸೇಬಿನ ಮರದ ತೊಗಟೆಯಿಂದ ಫ್ಲೊರಿಜಿನ್ ಎಂಬ ಕಹಿ ವಸ್ತುವನ್ನು ಬೇರ್ಪಡಿಸಿದರು. ಜರ್ಮನ್ ವೈದ್ಯ ಫಾನ್ ಮೇರಿಂಗ್ ೧೮೮೬ರಲ್ಲಿ ಅದನ್ನು ನಾಯಿಗಳಿಗೆ ಕೊಟ್ಟಾಗ ಅವುಗಳ ಮೂತ್ರದಲ್ಲಿ ಸಕ್ಕರೆ ಹರಿಯಿತು. ಕಾರಣ ಬಹಳ ವರ್ಷಗಳ ಮೇಲೆ ತಿಳಿಯಿತು. ನಮ್ಮ ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು ೧೮೦ ಗ್ರಾಂ ಸಕ್ಕರೆಯನ್ನು ರಕ್ತದಿಂದ ಸೋಸಿ, ಮತ್ತೆ ಅಷ್ಟನ್ನೂ ಎತ್ತಿ ರಕ್ತಕ್ಕೆ ಹಿಂದಿರುಗಿಸುತ್ತವೆ. ಮನೆಯ ಜಾಣ ಗೃಹಿಣಿ ಒಂದು ಕಾಳನ್ನೂ ಚೆಲ್ಲಗೊಡದಂತೆ. ಹೀಗೆ ಎತ್ತಿಕೊಡುವ ಕೆಲಸದಲ್ಲಿ ನೂರಕ್ಕೆ ತೊಂಬತ್ತು ಪಾಲು ‘ಎಸ್‌ಜಿಎಲ್‌ಟಿ-೨’ ಎಂಬ ವಾಹಕದ್ದು. ಈ ವಾಹಕವನ್ನು ತಡೆದರೆ ಮಧುಮೇಹಿಯ ಮೈಯಿಂದ ದಿನಕ್ಕೆ ಸುಮಾರು ೬೦ರಿಂದ ೮೦ ಗ್ರಾಂ ಸಕ್ಕರೆ ಮೂತ್ರದ ದಾರಿಯಲ್ಲಿ ಹೊರಬೀಳುತ್ತದೆ. ಫ್ಲೊರಿಜಿನ್ನಿನ ಮಾದರಿಯನ್ನೇ ತಿದ್ದಿ ಮಾಡಿದ ಡಾಪಾಗ್ಲಿಫ್ಲೋಜಿನ್, ಕಾನಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ೨೦೧೨ರಿಂದ ೨೦೧೪ರೊಳಗೆ ಪಶ್ಚಿಮದ ದೇಶಗಳಲ್ಲಿ ಬಳಕೆಗೆ ಬಂದವು.

ಇವು ಹೃದಯಕ್ಕೆ ಹಿತವೆಂಬುದು ತಿಳಿದುಬಂದ ಬಗೆ ಸ್ವಾರಸ್ಯಕರವಾಗಿದೆ. ೨೦೦೭ರಲ್ಲಿ ಮಧುಮೇಹದ ಬೇರೊಂದು ಮಾತ್ರೆ ಹೃದಯಾಘಾತವನ್ನು ಹೆಚ್ಚಿಸುತ್ತದೆಂಬ ದೊಡ್ಡ ವಿವಾದ ಎದ್ದಿತು. ಅದರ ಫಲವಾಗಿ, ಹೊಸ ಮಧುಮೇಹದ ಮದ್ದು ಹೃದಯಕ್ಕೆ ಕೇಡು ಮಾಡುವುದಿಲ್ಲವೆಂದು ತೋರಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೦೮ರಲ್ಲಿ ವಿಧಿಸಿತು. ಕೇಡಿಲ್ಲವೆಂದು ತೋರಿಸಲು ನಡೆಸಿದ ಪರೀಕ್ಷೆ ಒಳಿತನ್ನು ತೋರಿಸಿತು. ಹೃದ್ರೋಗವಿದ್ದ ೭,೦೨೦ ಮಧುಮೇಹಿಗಳ ಮೇಲೆ ನಡೆದ ಆ ಪರೀಕ್ಷೆಯ ಫಲ ೨೦೧೫ರಲ್ಲಿ ಹೊರಬಂದಿತು. ಹೃದಯ ಮತ್ತು ರಕ್ತನಾಳಗಳ ಕಾರಣದಿಂದ ಸತ್ತವರು ಹುಸಿಮಾತ್ರೆ ಪಡೆದ ಗುಂಪಿನಲ್ಲಿ ನೂರಕ್ಕೆ ೫.೯, ಎಂಪಾಗ್ಲಿಫ್ಲೋಜಿನ್ ಪಡೆದ ಗುಂಪಿನಲ್ಲಿ ೩.೭. ನಾಲ್ಕು ವರ್ಷಗಳ ಮೇಲೆ, ೨೦೧೯ರಲ್ಲಿ, ಹೃದಯ ಸೋತಿದ್ದ ೪,೭೪೪ ಮಂದಿಗೆ ಡಾಪಾಗ್ಲಿಫ್ಲೋಜಿನ್ ಕೊಟ್ಟು ನೋಡಿದ ಪರೀಕ್ಷೆಯಲ್ಲಿಯೂ ಒಳಿತು ಕಂಡಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮಧುಮೇಹವೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಎಂದರೆ, ಹೃದಯಕ್ಕೆ ಆದ ಉಪಕಾರ ಸಕ್ಕರೆ ಇಳಿದುದರಿಂದ ಮಾತ್ರ ಆದುದಲ್ಲ. ಮೈಯಲ್ಲಿ ನಿಂತ ಹೆಚ್ಚಿನ ನೀರು, ಉಪ್ಪು ಹೊರಹೋಗಿ ಹೃದಯದ ಹೊರೆ ಇಳಿಯುತ್ತದೆ. ಹೃದಯ ಉರಿಸುವ ಇಂಧನದ ಬಗೆ ಬದಲಾಗುತ್ತದೆ. ಜೀವಕೋಶಗಳೊಳಗಿನ ಉರಿಯೂತದ ಯಂತ್ರವೂ ತಣ್ಣಗಾಗುತ್ತದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸುತ್ತವೆ.

ಉರಿಯೂತ ತಣ್ಣಗಾಗುತ್ತದೆ ಎಂಬ ಈ ಕೊನೆಯ ಮಾತೇ ಕ್ಯಾನ್ಸರ್ ತಜ್ಞರ ಕಿವಿಯನ್ನು ನೆಟ್ಟಗೆ ಮಾಡಿತು. ಇಮ್ಯುನೋಥೆರಪಿಯಿಂದ ಹೃದಯಕ್ಕೆ ತಗಲುವುದೂ ಉರಿಯೇ ಅಲ್ಲವೆ? ಇಟಲಿಯ ನೇಪಲ್ಸ್ ನಗರದ ಸಂಶೋಧಕರು ಇಲಿಗಳಿಗೆ ಕ್ಯಾನ್ಸರಿನ ಈ ಮದ್ದಿನೊಡನೆ ಮಧುಮೇಹದ ಮಾತ್ರೆಯನ್ನೂ ಕೊಟ್ಟು, ಹೃದಯದ ಉರಿ ತಗ್ಗಿದುದನ್ನು ಕಂಡರು. ಮನುಷ್ಯರ ವಿಚಾರದಲ್ಲಿ, ೨೦೨೨ರಲ್ಲಿ ಬಾಸ್ಟನ್ನಿನಿಂದ ಒಂದು ವರದಿ ಬಂದಿತು. ಆಂಥ್ರಾಸೈಕ್ಲಿನ್ ಎಂಬ, ಹೃದಯಕ್ಕೆ ಕೆಡುಕೆಂದು ಹೆಸರಾದ ಹಳೆಯ ರಾಸಾಯನಿಕ ಮದ್ದನ್ನು ಪಡೆದ ಮಧುಮೇಹಿಗಳಲ್ಲಿ, ಈ ಮಾತ್ರೆ ತೆಗೆದುಕೊಳ್ಳುತ್ತಿದ್ದ ೩೨ ಮಂದಿಯನ್ನು ತೆಗೆದುಕೊಳ್ಳದ ೯೬ ಮಂದಿಯೊಡನೆ ಹೋಲಿಸಿ ನೋಡಿದರು. ಹೃದಯದ ತೊಂದರೆ ಮೊದಲನೆಯವರಲ್ಲಿ ನೂರಕ್ಕೆ ೩, ಎರಡನೆಯವರಲ್ಲಿ ನೂರಕ್ಕೆ ೨೦. ಇದು ಇಮ್ಯುನೋಥೆರಪಿಯ ಲೆಕ್ಕವಲ್ಲ ಎಂಬುದನ್ನು ಮರೆಯಬಾರದು. ಆಮೇಲಿನ ವರ್ಷಗಳಲ್ಲಿ ಇಮ್ಯುನೋಥೆರಪಿ ಪಡೆದ ಮಧುಮೇಹಿಗಳ ಆಸ್ಪತ್ರೆಯ ಕಡತಗಳನ್ನೂ ಹೀಗೆಯೇ ತಿರುವಿ ನೋಡಿದ್ದಾರೆ. ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಕಡಿಮೆಯೆಂಬ ಲೆಕ್ಕಗಳು ಅಲ್ಲಿಂದಲೂ ಬಂದಿವೆ.

ಇಲ್ಲಿಗೆ ನಿಲ್ಲಿಸಿದರೆ ಕೇಳಲು ಬಲು ಸೊಗಸು. ಆದರೆ ನಿಲ್ಲಿಸಲಾಗದು. ಕಡತ ತಿರುವಿ ಹಿಂದೆ ನೋಡುವ ಲೆಕ್ಕದಲ್ಲಿ ಕಣ್ಣಿಗೆ ಮಣ್ಣೆರಚುವ ಸಂಗತಿಗಳು ಹಲವುಂಟು. ಒಂದು ಉದಾಹರಣೆ ಕೊಡುತ್ತೇನೆ. ನಮ್ಮಲ್ಲಿ ಅರವತ್ತು ತುಂಬಿದಾಗ ಷಷ್ಟ್ಯಬ್ದಿ ಶಾಂತಿ ಮಾಡಿಸಿಕೊಳ್ಳುವ ಸಂಪ್ರದಾಯವುಂಟು. ಯಾರಾದರೊಬ್ಬರು ಊರಿನ ಜನನ ಮರಣದ ದಾಖಲೆ ತೆಗೆದು, ಷಷ್ಟ್ಯಬ್ದಿ ಮಾಡಿಸಿಕೊಂಡವರು ಮಾಡಿಸಿಕೊಳ್ಳದವರಿಗಿಂತ ಬಹಳ ಹೆಚ್ಚು ಕಾಲ ಬದುಕಿದ್ದಾರೆ, ಆದುದರಿಂದ ಶಾಂತಿಯೇ ಆಯುಸ್ಸನ್ನು ಹೆಚ್ಚಿಸುತ್ತದೆ ಎಂದರೆ ನೀವು ನಗುವಿರಿ. ಮಾಡಿಸಿಕೊಳ್ಳಬೇಕಾದರೆ ಅರವತ್ತರವರೆಗೆ ಬದುಕಿಯೇ ಇರಬೇಕಲ್ಲ! ಮೂವತ್ತಕ್ಕೇ ತೀರಿಕೊಂಡವನು ತಾನಾಗಿ ‘ಮಾಡಿಸಿಕೊಳ್ಳದವರ’ ಪಟ್ಟಿಗೆ ಸೇರುತ್ತಾನೆ. ಮಾತ್ರೆಯ ಲೆಕ್ಕದಲ್ಲಿಯೂ ಇದೇ ಮೋಸ ನುಸುಳಬಹುದು. ಕ್ಯಾನ್ಸರಿನ ಚಿಕಿತ್ಸೆ ಆರಂಭವಾದ ಆರು ತಿಂಗಳ ಮೇಲೆ ಮಾತ್ರೆ ಶುರುಮಾಡಿದವನು ಆ ಆರು ತಿಂಗಳು ಬದುಕಿದ್ದವನೇ ಆಗಿರುತ್ತಾನೆ. ಎರಡನೆಯದಾಗಿ, ಹೊಸ ಮಾತ್ರೆ ಯಾರಿಗೆ ಬರೆದುಕೊಡುತ್ತಾರೆ? ಊಟ ಸೇರುವವರಿಗೆ, ಮೂತ್ರಪಿಂಡ ಚೆನ್ನಾಗಿರುವವರಿಗೆ, ಆಗಾಗ ವೈದ್ಯರ ಬಳಿಗೆ ಹೋಗುವವರಿಗೆ, ಕೊಳ್ಳುವ ಶಕ್ತಿಯುಳ್ಳವರಿಗೆ. ತೀರ ಕೃಶನಾದ ಕ್ಯಾನ್ಸರ್ ರೋಗಿಗೆ ತೂಕವಿಳಿಸುವ ಈ ಮಾತ್ರೆಯನ್ನು ಕೊಡಲು ವೈದ್ಯರು ಹಿಂಜರಿಯುತ್ತಾರೆ. ಹೀಗೆ ಮೊದಲೇ ಗಟ್ಟಿಯಾಗಿದ್ದವರು ಒಂದು ಕಡೆ, ಸೋತವರು ಇನ್ನೊಂದು ಕಡೆ ಸೇರಿಬಿಟ್ಟರೆ, ಬದುಕಿದ ಕೀರ್ತಿ ಮಾತ್ರೆಗೆ ಸಲ್ಲುವುದು ನ್ಯಾಯವಲ್ಲ.

ಇದಕ್ಕೆ ಪರಿಹಾರ ಒಂದೇ. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರೆ, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟು ಮುಂದಕ್ಕೆ ನೋಡುವುದು. ಹೃದಯ ಸೋತವರ ವಿಷಯದಲ್ಲಿ ನಡೆದದ್ದು ಇಂಥ ಪರೀಕ್ಷೆ. ಆದುದರಿಂದಲೇ ಅಲ್ಲಿಯ ಮಾತನ್ನು ನಾವು ನಂಬುತ್ತೇವೆ. ಇಮ್ಯುನೋಥೆರಪಿಯ ವಿಷಯದಲ್ಲಿ ಈ ಮಾತ್ರೆಯ ಪರವಾಗಿ ನಿಂತಿರುವ ಸಾಕ್ಷ್ಯ ಮುಖ್ಯವಾಗಿ ಹಿನ್ನೋಟದ್ದು. ಅದು ಪ್ರಶ್ನೆಯನ್ನು ಕೇಳಲು ಸಾಕು, ತೀರ್ಪು ಕೊಡಲು ಸಾಲದು.

ಇದು ಒಣ ತರ್ಕವಲ್ಲವೆಂದು ನನಗೆ ಮನವರಿಕೆಯಾದುದು ನಮ್ಮ ಉದ್ಯಾನದ ಕಟ್ಟೆಯ ಮೇಲೆ. ಇತಿಹಾಸದ ಅಧ್ಯಾಪಕರಾಗಿದ್ದ ನನ್ನ ಗೆಳೆಯರೊಬ್ಬರಿಗೆ ಹಲವು ವರ್ಷಗಳ ಮಧುಮೇಹ. ಈ ಮಾತ್ರೆ ಮೊದಲಿನಿಂದ ನಡೆಯುತ್ತಿತ್ತು. ಶ್ವಾಸಕೋಶದ ಕ್ಯಾನ್ಸರಿಗೆ ಇಮ್ಯುನೋಥೆರಪಿ ಪಡೆದರು. ಹೃದಯಕ್ಕೆ ಏನೂ ಆಗಲಿಲ್ಲ. ಒಂದು ಸಂಜೆ ಅವರು, “ಮೇಷ್ಟ್ರೆ, ನನ್ನ ಹೃದಯವನ್ನು ಉಳಿಸಿದ್ದು ಈ ಮಾತ್ರೆಯೇ ಕಣ್ರೀ. ಈಗ ಅಗ್ಗವಾಗಿ ಸಿಗುತ್ತೆ, ಎಲ್ಲರೂ ತಗೋಬೇಕು” ಎಂದರು. ನೂರಕ್ಕೆ ತೊಂಬತ್ತೊಂಬತ್ತು ಮಂದಿಗೆ ಮಾತ್ರೆ ಇಲ್ಲದೆಯೂ ಆ ಉರಿಯೂತ ಬರುವುದಿಲ್ಲ ಎಂದು ನಾನು ಹೇಳಿದೆ. ಇತಿಹಾಸದ ಮೇಷ್ಟ್ರಿಗೆ ಅದು ರುಚಿಸಲಿಲ್ಲ. ಅಲ್ಲಿಯೇ ಕುಳಿತಿದ್ದ ಇನ್ನೊಬ್ಬ ಹಿರಿಯರು ನಮ್ಮ ಮಾತನ್ನು ಕೇಳಿಸಿಕೊಳ್ಳುತ್ತಿದ್ದರು. ಅವರಿಗೂ ಅದೇ ಬಗೆಯ ಚಿಕಿತ್ಸೆ ನಡೆಯುತ್ತಿತ್ತು. ಹಿಂದೆಂದೂ ಇಲ್ಲದ ಮಧುಮೇಹ ಎರಡು ವಾರದಿಂದ ಕಾಣಿಸಿಕೊಂಡು, ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿದ್ದರು. ಸೂಜಿಯ ಕಾಟ ಸಾಕಾಗಿ, ಮಾರನೆಯ ದಿನವೇ ಅಂಗಡಿಯಿಂದ ಆ ಮಾತ್ರೆ ತರಿಸಿಕೊಂಡರು. ಮಗಳು, “ಅಪ್ಪಾ, ಡಾಕ್ಟರನ್ನ ಒಂದು ಮಾತು ಕೇಳೋಣ, ಆಮೇಲೆ ನುಂಗುವಿರಂತೆ” ಎಂದು ತಡೆದಳು. ಕೇಳಿದ್ದಕ್ಕೆ ವೈದ್ಯರು, ಇನ್ಸುಲಿನ್ ಬಿಟ್ಟು ಇದನ್ನು ನುಂಗಿದ್ದರೆ ಪ್ರಾಣಕ್ಕೇ ಬರುತ್ತಿತ್ತು ಎಂದರಂತೆ.

ಏಕೆ? ಕಡಿವಾಣ ಕಳಚಿದ ಟಿ ಕಣಗಳು ಮೇದೋಜೀರಕದಲ್ಲಿರುವ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನೂ ಕೊಲ್ಲಬಹುದು. ಇಮ್ಯುನೋಥೆರಪಿ ಪಡೆದವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಹೀಗಾಗುತ್ತದೆ. ಇದು ನಮ್ಮ ನಿಮ್ಮಲ್ಲಿ ಸಾಮಾನ್ಯವಾಗಿರುವ ಮಧುಮೇಹವಲ್ಲ. ಇನ್ಸುಲಿನ್ನೇ ಇಲ್ಲವಾದ ಸ್ಥಿತಿ. ಹೆಚ್ಚಾಗಿ ಹಠಾತ್ತನೆ ಬರುತ್ತದೆ, ಬಂದರೆ ಸಾಧಾರಣವಾಗಿ ಶಾಶ್ವತ. ಇನ್ಸುಲಿನ್ ಇಲ್ಲದ ಮೈ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಸುಡುತ್ತದೆ. ಆಗ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿ ರೋಗಿ ಎಚ್ಚರ ತಪ್ಪಬಹುದು. ಇದಕ್ಕೆ ಕೀಟೋಅಸಿಡೋಸಿಸ್ ಎಂದು ಹೆಸರು. ಮೂತ್ರದಲ್ಲಿ ಸಕ್ಕರೆ ಹರಿಸುವ ನಮ್ಮ ಮಾತ್ರೆ ಈ ಅಪಾಯವನ್ನು ಹೆಚ್ಚಿಸುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೧೫ರಲ್ಲಿಯೇ ಎಚ್ಚರಿಸಿದೆ. ಅದಕ್ಕಿಂತ ಕಪಟವಾದ ಸಂಗತಿಯೆಂದರೆ, ಸಕ್ಕರೆ ಮೂತ್ರದಲ್ಲಿ ಹೋಗುತ್ತಿರುವುದರಿಂದ ರಕ್ತಪರೀಕ್ಷೆಯಲ್ಲಿ ಅದು ಹೆಚ್ಚಾಗಿ ಕಾಣದೆಯೂ ಇರಬಹುದು. ಮನೆಯವರು ಬೆರಳು ಚುಚ್ಚಿ ನೋಡಿ “ಷುಗರ್ ಸರಿಯಾಗಿದೆ” ಎಂದು ಸುಮ್ಮನಾಗುತ್ತಾರೆ; ಒಳಗೆ ಆಮ್ಲ ಏರುತ್ತಿರುತ್ತದೆ. ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು, ಮಂಪರು ಇವು ಅದರ ಲಕ್ಷಣಗಳು.

ಹೀಗೆ ಒಂದೇ ಮಾತ್ರೆ, ಒಂದೇ ಚಿಕಿತ್ಸೆ. ಹಳೆಯ ಮಧುಮೇಹವಿದ್ದವನಿಗೆ ಅದು ಹೃದಯದ ಮಿತ್ರನಾಗಿರಬಹುದು. ಚಿಕಿತ್ಸೆಯಿಂದಲೇ ಮಧುಮೇಹ ಬಂದವನಿಗೆ ಅದೇ ಶತ್ರು. ಇಬ್ಬರ ರೋಗದ ಹೆಸರೂ ಒಂದೇ ಆಗಿರುವುದು ಅಪಾಯಕ್ಕೆ ಕಾರಣ. ಒಂದು ಶಬ್ದಕ್ಕೆ ಎರಡು ಅರ್ಥವಿದ್ದಾಗ ಪ್ರಕರಣ ನೋಡಿ ಅರ್ಥಮಾಡಬೇಕು ಎಂದು ನಾವು ತರಗತಿಯಲ್ಲಿ ಹೇಳುತ್ತಿದ್ದೆವು. ಇಲ್ಲಿ ಪ್ರಕರಣ ನೋಡದಿದ್ದರೆ ಹೋಗುವುದು ಅಂಕವಲ್ಲ, ಜೀವ.

ಹಳೆಯ ಮಧುಮೇಹಿಗಳೂ ಕೆಲವು ದಿನಗಳಲ್ಲಿ ಎಚ್ಚರವಾಗಿರಬೇಕು. ಕ್ಯಾನ್ಸರಿನ ಚಿಕಿತ್ಸೆಯಲ್ಲಿ ವಾಂತಿಯಾಗಿ ಅನ್ನ ಸೇರದಿದ್ದಾಗ, ಜ್ವರ ಭೇದಿಗಳಲ್ಲಿ, ಈ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೆ ಎಂದು ವೈದ್ಯರನ್ನು ಕೂಡಲೇ ಕೇಳಬೇಕು. ಮೊದಲೇ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮುಂಚೆ ಇವುಗಳನ್ನು ನಿಲ್ಲಿಸಬೇಕೆಂಬುದು ೨೦೨೦ರ ಸೂಚನೆ. ಏಕಾದಶಿ, ಶಿವರಾತ್ರಿಗಳ ನಿರಾಹಾರಕ್ಕೂ ಈ ಮಾತ್ರೆಗೂ ಹೊಂದುವುದಿಲ್ಲ. ಉಪವಾಸ ಮಾಡಲೇಬೇಕೆನ್ನುವವರು ಮೊದಲು ವೈದ್ಯರನ್ನು ಕೇಳಲಿ. ಹೃದಯದ ಉರಿಯೂತಕ್ಕೆ ಕೊಡುವ ಸ್ಟಿರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ. ಆಗಲೂ ಮದ್ದಿನ ಪ್ರಮಾಣವನ್ನು ಮನೆಯಲ್ಲೇ ತಿದ್ದಿಕೊಳ್ಳಲಾಗದು. ಹಾಗೆಂದು ಈ ಮಾತುಗಳನ್ನು ಕೇಳಿ ಹೆದರಿ, ಹೃದಯಕ್ಕಾಗಿ ಬರೆದುಕೊಟ್ಟ ಮಾತ್ರೆಯನ್ನು ತಾನಾಗಿ ಬಿಟ್ಟುಬಿಡುವುದೂ ಅಷ್ಟೇ ಅಪಾಯ.

ಇದೆಲ್ಲ ದೂರದ ದೇಶದ ಶ್ರೀಮಂತರ ಚಿಂತೆ ಎಂದು ತಿಳಿಯಬಾರದು. ನಮ್ಮ ದೇಶದಲ್ಲಿ ೧೦.೧ ಕೋಟಿ ಮಂದಿಗೆ ಮಧುಮೇಹವಿದೆಯೆಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಹೇಳಿದೆ. ೨೦೨೫ರ ಮಾರ್ಚಿನಲ್ಲಿ ಎಂಪಾಗ್ಲಿಫ್ಲೋಜಿನ್ನಿನ ಪೇಟೆಂಟು ಇಲ್ಲಿ ಮುಗಿದು, ಒಂದಕ್ಕೆ ಸುಮಾರು ೬೦ ರೂಪಾಯಿಯಿದ್ದ ಮಾತ್ರೆ ಹತ್ತು ರೂಪಾಯಿಯ ಆಸುಪಾಸಿಗೆ ಇಳಿಯಿತು. ಇಮ್ಯುನೋಥೆರಪಿ ಇಂದಿಗೂ ದುಬಾರಿ. ಆದರೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ, ರೂಢಿಯ ಪ್ರಮಾಣದ ಹತ್ತರಲ್ಲೊಂದು ಪಾಲಿಗೂ ಕಡಿಮೆ ನಿವೊಲುಮ್ಯಾಬನ್ನು ಅಗ್ಗದ ಮಾತ್ರೆಗಳೊಡನೆ ಸೇರಿಸಿ ಕೊಟ್ಟು, ಒಂದು ವರ್ಷದ ಮೇಲೆ ಬದುಕಿದ್ದವರ ಪ್ರಮಾಣ ನೂರಕ್ಕೆ ೧೬ರಿಂದ ೪೩ಕ್ಕೆ ಏರಿದುದನ್ನು ೨೦೨೨ರಲ್ಲಿ ತೋರಿಸಿದರು. ಅದು ಚೀಟಿ ಎತ್ತಿ ಮಾಡಿದ ಪರೀಕ್ಷೆ. ಹೊಗೆಸೊಪ್ಪಿನ ಈ ನಾಡಿನಲ್ಲಿ ಬಾಯಿಯ ಕ್ಯಾನ್ಸರ್ ಎಷ್ಟು ಸಾಮಾನ್ಯವೆಂಬುದು ನಿಮಗೆ ಗೊತ್ತೇ ಇದೆ. ಹೀಗೆ ಮಾತ್ರೆಯೂ ಮದ್ದೂ ಎರಡು ದಾರಿಗಳಿಂದ ಸಾಮಾನ್ಯರ ಮನೆಯತ್ತ ಬರುತ್ತಿವೆ. ಅವೆರಡೂ ಒಂದೇ ದೇಹದಲ್ಲಿ ಕೂಡುವ ಸಂದರ್ಭಗಳು ಹೆಚ್ಚುತ್ತಲೇ ಹೋಗುತ್ತವೆ.

ಬೆಂಗಳೂರಿನಲ್ಲಿ ಕ್ಯಾನ್ಸರಿಗೆ ಕಿದ್ವಾಯಿ, ಹೃದಯಕ್ಕೆ ಜಯದೇವ ಎಂದು ನಾವು ಆಸ್ಪತ್ರೆಗಳನ್ನು ವಿಂಗಡಿಸಿಕೊಂಡಿದ್ದೇವೆ. ಸಕ್ಕರೆಗೆ ಬೀದಿಯ ವೈದ್ಯರು ಬೇರೆ. ದೇಹ ಮಾತ್ರ ಹೀಗೆ ಹಂಚಿಹೋಗಿಲ್ಲ. ಈ ಮೂವರ ನಡುವೆ ಸುದ್ದಿ ಒಯ್ಯುವ ದೂತ ಬಹುಮಟ್ಟಿಗೆ ರೋಗಿಯೇ, ಅಥವಾ ಅವನ ಹೆಂಡತಿ ಮಕ್ಕಳು. ಆದುದರಿಂದ ಪ್ರತಿ ಮನೆಯಲ್ಲೂ ಆಗಬೇಕಾದ ಕೆಲಸ ಒಂದುಂಟು. ಒಂದು ಹಾಳೆಯ ಮೇಲೆ ಕನ್ನಡದಲ್ಲಿಯೇ ಆಗಲಿ, ತೆಗೆದುಕೊಳ್ಳುತ್ತಿರುವ ಎಲ್ಲ ಮದ್ದುಗಳ ಹೆಸರು, ಪ್ರಮಾಣ, ಶುರುವಾದ ತಾರೀಖು, ಮಧುಮೇಹ ಎಂದಿನಿಂದ ಇದೆ ಎಂಬುದು, ಇಮ್ಯುನೋಥೆರಪಿಯ ಪ್ರತಿ ಸರದಿಯ ದಿನಾಂಕ ಇವನ್ನು ಬರೆದಿಡಿ. ಯಾವ ವೈದ್ಯರ ಬಳಿಗೆ ಹೋದರೂ ಮೊದಲು ಆ ಹಾಳೆಯನ್ನು ಮುಂದಿಡಿ. ಮಾತ್ರೆ ಹೃದಯವನ್ನು ಕಾಯುತ್ತದೆಯೆ ಎಂಬುದನ್ನು ವಿಜ್ಞಾನಿಗಳು ತಮ್ಮ ಪರೀಕ್ಷೆಗಳಿಂದ ನಿರ್ಣಯಿಸಲಿ. ಎದೆನೋವನ್ನು ಆಯಾಸವೆಂದು, ಹೊಸ ಮಧುಮೇಹವನ್ನು ಹಳೆಯದೆಂದು ಬಗೆಯದಿರುವ ಎಚ್ಚರ ನಮ್ಮ ಕೈಯಲ್ಲಿದೆ. ಅದಕ್ಕೆ ಬೇಕಾದುದು ಒಂದು ಹಾಳೆ ಮತ್ತು ಒಂದು ಸೀಸದಕಡ್ಡಿ.